ಸೀಸದ ಗುಂಡು: ಮನೆಯ ಎರಕ ಬೇಡ

ಹರಿಹರದ ಹೊಳೆಯಲ್ಲಿ ಎಸೆಯುವ ಬೀಸುಬಲೆಗಾಗಲಿ, ಬೆಳೆ ಕಾಯಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಪಡೆದ ನಾಡಕೋವಿಗಾಗಲಿ ಬೇಕಾಗುವುದು ಸೀಸದ ಗುಂಡು. ಹಳೆ ಬ್ಯಾಟರಿಯ ಸೀಸ ಕರಗಿಸಿ ಮನೆಯಲ್ಲೇ ಎರಕ ಹೊಯ್ದರೆ ಅಗ್ಗ ಎನ್ನುವವರುಂಟು. ಆ ಅಗ್ಗದ ಬೆಲೆ ತೆರುವವರು ಮಕ್ಕಳು.

ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಅಡುಗೆಯ ಒಲೆಯಲ್ಲೇ ಆಗುವ ಕೆಲಸ. ಅಪಾಯವೂ ಅಲ್ಲೇ. ಅದರ ಹೊಗೆ, ಕಿಟ್ಟದ ಧೂಳು ನೆಲಕ್ಕೆ, ಪಾತ್ರೆಗೆ ಅಂಟುತ್ತವೆ. ಅಂಬೆಗಾಲಿಡುವ ಕೂಸಿನ ಕೈಯಿಂದ ಬಾಯಿಗೆ ಸೇರಿ ರಕ್ತಹೀನತೆ ತರುತ್ತವೆ, ಮೆದುಳಿನ ಬೆಳವಣಿಗೆ ಕುಂಠಿಸುತ್ತವೆ. ಇಷ್ಟಾದರೆ ಸುರಕ್ಷಿತ ಎಂಬ ಮಿತಿ ಸೀಸಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕಾರ್ಖಾನೆಯ ಗುಂಡೂ ಸೀಸವೇ; ಮುಟ್ಟಿದ ಕೈ ಸೋಪಿನಿಂದ ತೊಳೆಯಲೇಬೇಕು. ಆದರೆ ಕರಗಿಸುವ ಹೊಗೆ ನಿಮ್ಮ ಮನೆಗೆ ಬಾರದು. ನಾಲ್ಕು ಕಾಸು ಹೆಚ್ಚಾದರೂ ಸಿದ್ಧ ಗುಂಡನ್ನೇ ಕೊಳ್ಳಿ. ಈಗಾಗಲೇ ಕರಗಿಸಿದ್ದರೆ, ಮಗುವಿನ ರಕ್ತದಲ್ಲಿ ಸೀಸವೆಷ್ಟಿದೆ ಎಂದು ದಾವಣಗೆರೆಯ ಮಕ್ಕಳ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.