ಕಲ್ಯಾಣದ ಬಿಸಿಲು, ಎಳ್ಳಮಾವಾಸ್ಯೆಯ ಬುತ್ತಿ

ರಜೆ ಬಂತೆಂದರೆ ಪಟ್ಟಣದ ಸಂಸಾರಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಎಲ್ಲಿಗೆ?’ ಎಂಬುದು, ಎರಡನೆಯದು ‘ಎಷ್ಟಾದೀತು?’ ಎಂಬುದು. ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡು ಎಷ್ಟೋ ಭಾನುವಾರಗಳು ಪಡಸಾಲೆಯಲ್ಲಿಯೇ ಮುಗಿದುಹೋಗುತ್ತವೆ. ದೂರದ ಗಿರಿಧಾಮಗಳ ಹೆಸರುಗಳು ಮಾತಿನಲ್ಲಿ ಬಂದು ಮಾತಿನಲ್ಲಿಯೇ ಉಳಿಯುತ್ತವೆ. ಆದರೆ ಮುಂಜಾನೆ ಹೊರಟು ದೀಪ ಹಚ್ಚುವ ವೇಳೆಗೆ ಮನೆ ಸೇರಬಹುದಾದ ತಾಣಗಳು ನಾಡಿನ ಯಾವ ಮೂಲೆಯಲ್ಲಿಯೂ ಇಲ್ಲದೆ ಇಲ್ಲ. ಕಲಬುರಗಿ, ಬೀದರಗಳ ಕುಟುಂಬಗಳಿಗೆ ಅಂಥ ಜೋಡಿ ಊರುಗಳೆಂದರೆ ಹುಮನಾಬಾದ ಮತ್ತು ಬಸವಕಲ್ಯಾಣ. ಒಂದು ಬುತ್ತಿಯ ಗಂಟು, ಒಂದು ನೀರಿನ ಹೂಜಿ, ಒಂದು ಕ್ಯಾಮರಾ — ಇಷ್ಟು ಸಾಮಗ್ರಿ ಸಾಕು.

ದಾರಿಯೂ ಈಗ ದುರ್ಗಮವಲ್ಲ. ಹುಮನಾಬಾದ ಸೊಲ್ಲಾಪುರ–ಹೈದರಾಬಾದು ಹೆದ್ದಾರಿಯ ಮೇಲಿನ ಪಟ್ಟಣ. ಬೀದರ–ಕಲಬುರಗಿ ರೈಲುಮಾರ್ಗವು 2017ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಅಲ್ಲಿಗೆ ರೈಲಿನಲ್ಲಿಯೂ ಹೋಗಬಹುದಾಗಿದೆ. ಅಲ್ಲಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ಪ್ರಯಾಣ. ಕಿಟಕಿಯ ಪಕ್ಕದ ಆಸನಕ್ಕಾಗಿ ಮಕ್ಕಳು ಜಗಳವಾಡಿದರೆ ಅದನ್ನು ತಪ್ಪೆನ್ನಲಾಗದು. ನೋಡುವಂಥದು ಅಲ್ಲಿಂದಲೇ ಆರಂಭವಾಗುತ್ತದೆ. ದಿಣ್ಣೆಯ ಮೇಲೆ ನೆಲ ಕೆಂಪು. ಇಳಿಜಾರು ಕಳೆದು ತಗ್ಗಿಗೆ ಬಂದೊಡನೆ ಕಾಡಿಗೆಯಂಥ ಕಪ್ಪು. ಕೆಂಪಿನದು ಜಂಬಿಟ್ಟಿಗೆಯ ನೆಲ; ಕಪ್ಪಿನದು ಎರೆಭೂಮಿ. ತಂತಿಯ ಮೇಲೆ ಮಂಕಾಗಿ ಕುಳಿತಿದ್ದ ಹಕ್ಕಿಯೊಂದು ಹಾರಿದ ಕ್ಷಣದಲ್ಲಿ ನೀಲಿಯನ್ನು ಚೆಲ್ಲಿದಂತಾದರೆ ಅದು ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ. ಅದು ಹಾರುವ ಚಿತ್ರ ಬಸ್ಸಿನ ಕಿಟಕಿಯಿಂದ ಯಾರಿಗೂ ದೊರೆಯುವುದಿಲ್ಲ. ಕಣ್ಣಿಗೆ ದೊರೆತುದೇ ಲಾಭ.

ಕ್ಯಾಮರಾದವರು ಹುಮನಾಬಾದದ ಕಡೆಯಿಂದ ಮೊದಲು ನೋಡಬೇಕಾದುದು ಜಲಸಂಗಿಯ ಕಲ್ಮೇಶ್ವರ ದೇವಾಲಯ. ಇದು ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಹೊರಗೋಡೆಯ ಸುತ್ತ ನಿಂತ ಶಿಲಾಬಾಲಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದವಳಲ್ಲ, ಕುಣಿಯುವವಳೂ ಅಲ್ಲ, ಆಕೆ ಬರೆಯುತ್ತಿದ್ದಾಳೆ. ಅವಳು ಕೊರೆಯುತ್ತಿರುವ ಸಂಸ್ಕೃತದ ಸಾಲುಗಳು ಆರನೆಯ ವಿಕ್ರಮಾದಿತ್ಯನ ಪ್ರಶಂಸೆಯವು. 1076ರಿಂದ 1126ರವರೆಗೆ ಐವತ್ತು ವರ್ಷ ಆಳಿ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದ ಅರಸನವನು. ಬಿಲ್ಹಣನಂಥ ಕವಿ ಅವನ ಚರಿತೆಯನ್ನು ಬರೆದ. ವಿಜ್ಞಾನೇಶ್ವರ ಅವನ ಆಶ್ರಯದಲ್ಲಿ ‘ಮಿತಾಕ್ಷರಾ’ವನ್ನು ಬರೆದ. ಅವರಿಬ್ಬರ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಆದರೆ ಹೆಸರಿಲ್ಲದ ಈ ಬರಹಗಾರ್ತಿಯ ನಿಲುವು, ಎತ್ತಿದ ಕೈ, ಲೇಖನಿಯ ತುದಿ ಇಂದಿಗೂ ಕಾಣುತ್ತವೆ. ಬೇಲೂರಿನ ಮದನಿಕೆಯರನ್ನು ಕಂಡು ಮೆಚ್ಚಿದವರು ಇವಳನ್ನೂ ಕಂಡರೆ, ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರ ಆ ಗುಡಿಯೂ 1117ರಲ್ಲಿ ಇದೇ ಅರಸನ ಆಳ್ವಿಕೆಯ ದಿನಗಳಲ್ಲಿ ಪ್ರತಿಷ್ಠೆಗೊಂಡುದೆಂಬ ಸಂಗತಿ ಅರ್ಥಪೂರ್ಣವಾಗಿ ತೋರುವುದು.

ಇಂಥ ಶಿಲ್ಪದ ಛಾಯಾಚಿತ್ರಕ್ಕೆ ನಡುಹಗಲು ಪರಮಶತ್ರು. ನೆತ್ತಿಯ ಮೇಲಿನ ಸೂರ್ಯ ಮೂಗಿನ ಕೆಳಗೆ ಕಪ್ಪು ಮೀಸೆಯನ್ನು ಮೂಡಿಸಿ, ಕೆತ್ತನೆಯ ನವುರನ್ನೆಲ್ಲ ನುಂಗಿಬಿಡುತ್ತಾನೆ. ಬಿಸಿಲು ಗೋಡೆಯನ್ನು ಓರೆಯಾಗಿ ಸವರುವ ಹೊತ್ತು, ಎಂದರೆ ಪೂರ್ವದ ಗೋಡೆಗೆ ಬೆಳಗು, ಪಶ್ಚಿಮದ್ದಕ್ಕೆ ಸಂಜೆ, ಕಲ್ಲು ತಾನಾಗಿ ಎದ್ದು ನಿಲ್ಲುತ್ತದೆ. ಅಕ್ಷರಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಎದುರಿನಿಂದ ಬೆಳಕು ಬಿದ್ದ ಶಾಸನ ಬರಿಯ ಬಂಡೆ. ಪಕ್ಕದಿಂದ ಬಿದ್ದರೆ ಗುಂಡಿಗುಂಡಿಯಾಗಿ ಓದಿಗೆ ಬರುತ್ತದೆ. ನೆರಳಿನಲ್ಲಿದ್ದರೆ ಬಿಳಿಯ ಟವೆಲೊಂದನ್ನು ಬಿಸಿಲಿಗೆ ಹಿಡಿದು ಅದರ ಪ್ರತಿಫಲನವನ್ನು ಓರೆಯಾಗಿ ಹಾಯಿಸಿದರಾಯಿತು. ಈ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರ ಉತ್ಸಾಹಕ್ಕೆ ಎಣೆಯಿರುವುದಿಲ್ಲ. ಅಕ್ಷರ ಕಾಣಲೆಂದು ಸುಣ್ಣದ ಕಡ್ಡಿಯನ್ನು ಉಜ್ಜುವುದು, ನೀರೆರಚುವುದು, ಎಣ್ಣೆ ಸವರುವುದು ಇವೆಲ್ಲ ಅಪರಾಧವೆಂದೇ ತಿಳಿಯಬೇಕು. ಒಂಬೈನೂರು ವರ್ಷಗಳ ಮಳೆಗಾಳಿಯನ್ನು ತಾಳಿಕೊಂಡ ಅಕ್ಷರವನ್ನು ರಜಾದಿನದ ಬೆರಳುಗಳು ಸವೆಸಬಾರದು.

ಹುಮನಾಬಾದ ಪಟ್ಟಣದಲ್ಲಿ ವೀರಭದ್ರೇಶ್ವರನ ಗುಡಿಯಿದೆ; ಅದರ ಜಾತ್ರೆಗೆ ಮೂರು ಸೀಮೆಯ ಜನ ಸೇರುತ್ತಾರೆ. ಪಟ್ಟಣದ ಅಂಚಿನಲ್ಲಿ ಮಾಣಿಕನಗರ. ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, 1865ರಲ್ಲಿ ಇಲ್ಲಿ ಸಮಾಧಿಸ್ಥರಾದ ಮಾಣಿಕ ಪ್ರಭುಗಳ ಸಂಸ್ಥಾನವಿದು. ಎಲ್ಲ ಮತಗಳೂ ಒಂದೇ ಸತ್ಯದ ಕವಲುಗಳೆಂಬ ‘ಸಕಲಮತ’ ಅವರ ಬೋಧೆ. ಹಿಂದೂಗಳೂ ಮುಸಲ್ಮಾನರೂ ಅವರ ಬಾಗಿಲಿಗೆ ಬರುತ್ತಿದ್ದರು. ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿಯ ಉತ್ಸವದಲ್ಲಿ ಇಲ್ಲಿ ಅನ್ನಪ್ರಸಾದದ ಪಂಕ್ತಿಯೂ ಸಂಗೀತದ ದರಬಾರೂ ನಡೆಯುತ್ತವೆ. ಜನಜಂಗುಳಿಯ ಚಿತ್ರಗಳು ಸಾಮಾನ್ಯವಾಗಿ ತಲೆಗಳ ಚಿತ್ರಗಳಾಗಿಬಿಡುತ್ತವೆ. ಬಡಿಸುವವನ ಕೈ, ಎಲೆಯ ಮುಂದೆ ಕುಳಿತ ಮಗುವಿನ ಕಣ್ಣು, ಹಿಂದೆ ಸರಿದು ಕಾಯುತ್ತಿರುವ ಮುದುಕಿಯ ತಾಳ್ಮೆ, ಇವುಗಳಲ್ಲಿ ಒಂದನ್ನು ಆಯ್ದುಕೊಂಡವರಿಗೆ ಇಡೀ ಜಾತ್ರೆ ದೊರೆತಂತೆ.

ದತ್ತ ಜಯಂತಿ ಮುಗಿದ ಹದಿನೈದು ದಿನಕ್ಕೆ ಈ ಸೀಮೆಯ ನಿಜವಾದ ಊಟದ ಹಬ್ಬ ಬರುತ್ತದೆ. ಅದೇ ಮಾರ್ಗಶಿರದ ಅಮಾವಾಸ್ಯೆ, ಎಳ್ಳಮಾವಾಸ್ಯೆ. ದೊಡ್ಡ ನಗರಗಳಲ್ಲಿ ಇತ್ತೀಚೆಗೆ ಆಹಾರ ಮೇಳಗಳೆಂಬುವು ನಡೆಯುತ್ತವೆ. ಡೇರೆ, ದೀಪ, ಚೀಟಿ, ಸರತಿಯ ಸಾಲು. ಇಲ್ಲಿಯ ಮೇಳಕ್ಕೆ ಆಕಾಶವೇ ಡೇರೆ. ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ; ಮಧ್ಯಾಹ್ನದ ಹೊತ್ತು ಪಟ್ಟಣದ ಬೀದಿಗಳು ಬಣಗುಟ್ಟುತ್ತವೆ. ಹೊಲದ ನಡುವೆ ಜೋಳದ ದಂಟುಗಳನ್ನು ಕೂಡಿಸಿ ಕಟ್ಟಿದ ಗೂಡಿನಲ್ಲಿ ಐದು ಕಲ್ಲುಗಳು ಪಾಂಡವರಾಗಿ ಪೂಜೆಗೊಳ್ಳುತ್ತವೆ. ಅನಂತರ ಮಾಡಿದ ಅಡುಗೆಯ ಒಂದಂಶವನ್ನು ಬೆಳೆಯ ಸುತ್ತಲೂ ಕೂಗುತ್ತ ಚೆಲ್ಲಿ ಬರುತ್ತಾರೆ. ಅದೇ ಚರಗ. ಉಣ್ಣುವುದಕ್ಕೆ ಮೊದಲು ಉಣಿಸಿದ ನೆಲಕ್ಕೆ ಸಲ್ಲಿಸುವ ಋಣ.

ಊಟದ ನಾಯಕಸ್ಥಾನ ಭಜ್ಜಿಯದು. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದದ್ದೆಂದು ತಿಳಿದು ಬಂದ ಬೆಂಗಳೂರಿನ ನೆಂಟ ಪಾತ್ರೆಯ ಮುಚ್ಚಳ ತೆಗೆದಾಗ ವಿಸ್ಮಯಗೊಳ್ಳುತ್ತಾನೆ. ಆ ಋತುವಿನ ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಮೆಂತೆಯ ಸೊಪ್ಪು, ಈರುಳ್ಳಿಯ ದಂಟು — ಹೊಲ ಕೊಟ್ಟುದೆಲ್ಲವನ್ನೂ ಕಡಲೆಹಿಟ್ಟು, ಹುಳಿಗಳೊಡನೆ ಗಟ್ಟಿಯಾಗಿ ಕುದಿಸಿದ ಪಲ್ಯವದು. ಅದಕ್ಕೆ ಜೊತೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಕಡುಬು, ಶೇಂಗಾ ಹಿಂಡಿ. ಮೇಲೆ ತಣ್ಣನೆಯ ಅಂಬಲಿ. ಒಂದೇ ಪಾತ್ರೆಯಲ್ಲಿ ಬೆಂದ ಈ ಬಗೆಬಗೆಯ ಕಾಳುಸೊಪ್ಪುಗಳಂತೆಯೇ ಇಲ್ಲಿಯ ಮಾತೂ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಪಂಕ್ತಿಯಲ್ಲಿ ಕೇಳಿಬರುತ್ತವೆ. ಗಡಿಯಾಚೆಯ ಲಾತೂರಿನ ಕಡೆಯೂ ಇದೇ ಹಬ್ಬವನ್ನು ಇದೇ ಭಜ್ಜಿಯೊಡನೆ ಆಚರಿಸುತ್ತಾರೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳು ಹೊಸದಾಗಿ ಬಿದ್ದವು. ಭಜ್ಜಿಯ ಪಾತ್ರೆಗೆ ಅವು ತಾಕಲಿಲ್ಲ.

ಊಟವಾದ ಮೇಲೆ ನಡಿಗೆ. ಬದುವಿನಗುಂಟ ಒಂದು ಮೈಲಿ ನಡೆದರೆ ಸಸ್ಯಶಾಸ್ತ್ರದ ಒಂದು ಪಾಠ ಮುಗಿಯುತ್ತದೆ. ಕಡಲೆಯ ಗಿಡದ ಎಲೆಯನ್ನು ಮುಟ್ಟಿ ಬೆರಳನ್ನು ನಾಲಗೆಗೆ ತಾಗಿಸಿದ ಮಗು ಹುಳಿಯೆಂದು ಮುಖ ಕಿವಿಚುವುದು. ಆ ಎಲೆಗಳ ಸೂಕ್ಷ್ಮ ರೋಮಗಳು ಆಮ್ಲವನ್ನು ಸ್ರವಿಸುತ್ತವೆ. ಹಿಂದಿನ ರೈತ ಗೃಹಿಣಿಯರು ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯೊಡನೆ ಹೀರಿದ ಹುಳಿಯನ್ನು ಹಿಂಡಿ, ಹೊಟ್ಟೆನೋವಿಗೆ ಮದ್ದೆಂದು ಕಾಪಿಡುತ್ತಿದ್ದರು. ಕುಸುಬೆಯ ಮುಳ್ಳು, ಜೋಳದ ಹಾಲುತೆನೆ, ತೊಗರಿಯ ಹಳದಿ ಹೂವು ಇವುಗಳ ಚಿತ್ರಕ್ಕೆ ನಿಂತು ಬಾಗುವುದಕ್ಕಿಂತ ಮಂಡಿಯೂರಿ ಕೂರುವುದು ಲೇಸು. ಬಟ್ಟೆಗೆ ಮಣ್ಣಾಗುತ್ತದೆ, ಚಿತ್ರಕ್ಕೆ ಜೀವ ಬರುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಪಟ್ಟಣದ ಅನೇಕ ಮನೆಗಳಿಗೆ ಈಗ ಸ್ವಂತ ಹೊಲವಿಲ್ಲ. ತಾತನ ಕಾಲದಲ್ಲಿ ಇದ್ದುದು ಮಾರಾಟವಾಗಿಯೋ ಪಾಲಾಗಿಯೋ ಹೋಗಿದೆ. ಅಂಥವರು ಪರಿಚಿತ ರೈತರ ಹೊಲಕ್ಕೆ ಅತಿಥಿಗಳಾಗಿ ಹೋಗುತ್ತಾರೆ. ಕರೆಯುವವರು ಲೆಕ್ಕವಿಟ್ಟು ಕರೆಯುವುದಿಲ್ಲ. ನಾಲ್ವರ ಬದಲು ಎಂಟು ಜನ ಬಂದರೂ ರೊಟ್ಟಿಯ ಗಂಟು ಬಿಚ್ಚಿಕೊಳ್ಳುತ್ತದೆ. ಅತಿಥಿಗಳು ಉಂಡು, ಹೊಗಳಿ, ಹತ್ತಾರು ಚಿತ್ರ ತೆಗೆದು, “ಕಳಿಸಿಕೊಡುತ್ತೇವೆ” ಎಂದು ಹೇಳಿ ಹೊರಡುತ್ತಾರೆ. ಆ ಚಿತ್ರ ಬರುವುದಿಲ್ಲ. ಕಪಾಟಿನಲ್ಲಿ ನೆಗೆಟಿವ್‌ಗಳಿದ್ದ ಕಾಲದಲ್ಲಿಯೂ ಬರುತ್ತಿರಲಿಲ್ಲ. ಜೇಬಿನ ಮೊಬೈಲಿನಲ್ಲಿ ಸಾವಿರ ಚಿತ್ರಗಳು ಹಿಡಿಯುವ ಈ ಕಾಲದಲ್ಲಿಯೂ ಬರುವುದು ವಿರಳ. ಹೊಲದ ಮನೆಯ ಹಿರಿಯರಲ್ಲಿ ಎಷ್ಟೋ ಮಂದಿಗೆ ಗುರುತಿನ ಚೀಟಿಯ ಮೇಲಿನ ಮುಖವಲ್ಲದೆ ಬೇರೊಂದು ಭಾವಚಿತ್ರವಿರುವುದಿಲ್ಲ. ಅವರು ಕಣ್ಮರೆಯಾದ ದಿನ ಮಕ್ಕಳು ಆ ಚೀಟಿಯನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕಾಗುತ್ತದೆ. ಅದೇ ಹಿರಿಯರು ಎಳ್ಳಮಾವಾಸ್ಯೆಯ ಬಿಸಿಲಿನಲ್ಲಿ, ತಮ್ಮ ಬೆಳೆಯ ನಡುವೆ, ನಗುತ್ತ ನಿಂತ ಚಿತ್ರ ಯಾರದೋ ಪಟ್ಟಣದ ಮನೆಯಲ್ಲಿ ಯಾರೂ ನೋಡದೆ ಬಿದ್ದಿರುತ್ತದೆ.

ಬಸವಕಲ್ಯಾಣಕ್ಕೆ ಇನ್ನೊಂದು ದಿನವನ್ನೇ ಮೀಸಲಿಡುವುದು ಯುಕ್ತ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರೂ ಅವರೊಡನಿದ್ದ ಶರಣರೂ ಕಾಯಕವನ್ನೇ ಪೂಜೆಯೆಂದರು. ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಸುತ್ತಲ ಪ್ರದೇಶದ ಶಿಲ್ಪಗಳನ್ನು ಇರಿಸಲಾಗಿದೆ. ಅರಸರ ಊರಿನ ಅವಶೇಷಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ನಿಲ್ಲುವುದು ತ್ರಿಪುರಾಂತಕ ಕೆರೆಯ ಬಳಿಯ ಗವಿಗಳು. ಅವನ್ನು ಗುರುತಿಸುವುದು ಅಕ್ಕನಾಗಮ್ಮ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ಇಂಥವರ ಹೆಸರುಗಳಿಂದ. ಅಂಬಿಗನ ಹೆಸರು, ಹಗ್ಗದವನ ಹೆಸರು ಎಂಟುನೂರು ವರ್ಷ ಉಳಿದ ಊರು ಲೋಕದಲ್ಲಿ ಎಷ್ಟಿದ್ದಾವು?

ಗವಿಯೊಳಗಿನ ಚಿತ್ರಕ್ಕೆ ಅವಸರ ಸಲ್ಲದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕುಳಿತು, ಬಾಗಿಲಿನಿಂದ ಬರುವ ಬೆಳಕಿನಲ್ಲಿಯೇ ತೆಗೆಯಬೇಕು. ಅಲ್ಲಿ ಪೂಜೆ, ಧ್ಯಾನ ನಡೆಯುತ್ತಿದ್ದರೆ ಮಿಂಚುದೀಪವನ್ನು ಹೊತ್ತಿಸುವುದು ಅವಿವೇಕ. ಕ್ಯಾಮರಾವನ್ನು ಚೀಲದಲ್ಲಿಡುವುದು ವಿವೇಕ. ಸಂಜೆ ಕೆರೆಯ ದಂಡೆಯ ಮೇಲೆ ಕೊಕ್ಕರೆಗಳೂ ನೀರುಕಾಗೆಗಳೂ ಒದಗಿಬರುತ್ತವೆ. ಕನ್ನಡ ನಾಡಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ (1932–2017) ಅವರ ಹಕ್ಕಿಗಳ ಚಿತ್ರಗಳನ್ನು ನೋಡಿದವರಿಗೆ ಇಂಥಲ್ಲಿ ಬೇಕಾದ ಮೊದಲ ಸಾಮಗ್ರಿ ಯಾವುದೆಂದು ಹೇಳಬೇಕಾಗಿಲ್ಲ: ಅಲುಗಾಡದೆ ಕಾಯುವುದು.

ಇದೇ ಸೀಮೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳರು (1844–1905) ಭಾರವಾದ ಕ್ಯಾಮರಾವನ್ನೂ ಗಾಜಿನ ಫಲಕಗಳನ್ನೂ ಹೊರಿಸಿಕೊಂಡು ತಿರುಗಿದರು. ಅವರ ಅನಂತರ ಎರಡು ತಲೆಮಾರು ಕಳೆದ ಮೇಲೆ ಮಧ್ಯಮವರ್ಗದ ಮನೆಗಳಿಗೆ ಆಗ್ಫಾ ಕ್ಲಿಕ್ ಬಂತು. ಒಂದು ಸುರುಳಿಗೆ 12 ಚಿತ್ರ. ಹನ್ನೆರಡೇ ಇದ್ದುದರಿಂದ ಪ್ರತಿಯೊಂದಕ್ಕೂ ಮುಂಚೆ ಒಂದು ಗಳಿಗೆ ಯೋಚನೆಯಿತ್ತು. ಇಂದು ಎಣಿಕೆಯ ಕಟ್ಟಿಲ್ಲ. ಕಟ್ಟನ್ನು ತಾನೇ ಹಾಕಿಕೊಳ್ಳಬೇಕು. ದಿನವೊಂದಕ್ಕೆ ಹನ್ನೆರಡೇ ಎಂದು ಮನೆಮಂದಿ ನಿಶ್ಚಯಿಸಿಕೊಂಡು ಹೊರಟುನೋಡಿದರೆ, ಉಳಿದ ಹೊತ್ತಿನಲ್ಲಿ ಕಣ್ಣಿಗೂ ಕಿವಿಗೂ ನಾಲಗೆಗೂ ಎಷ್ಟು ಬಿಡುವು ದೊರೆಯುತ್ತದೆಂಬುದು ತಿಳಿಯುವುದು.

ಆ ಹನ್ನೆರಡರಲ್ಲಿ ಒಂದು ಹೊಲದ ಯಜಮಾನನದಾಗಿರಲಿ, ಒಂದು ರೊಟ್ಟಿ ಬಡಿದ ತಾಯಿಯದಾಗಿರಲಿ. ಕೇಳಿ ತೆಗೆದದ್ದಾಗಿರಲಿ. ಊರಿಗೆ ಮರಳಿದ ವಾರದೊಳಗೆ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರನ್ನೂ ತೇದಿಯನ್ನೂ ಬರೆದು, ಅಂಚೆಗೆ ಹಾಕಬೇಕು. ತಗಲುವ ವೆಚ್ಚ ಒಂದು ಬಟ್ಟಲು ಕಾಫಿಯದಕ್ಕಿಂತ ಬಹಳ ಹೆಚ್ಚೇನಲ್ಲ. ಹೊಲದವರು ಉಣ್ಣುವ ಮುಂಚೆ ಮಣ್ಣಿಗೆ ಚರಗ ಚೆಲ್ಲುತ್ತಾರೆ. ಉಂಡು ಹೋದವರಿಂದ ಇಷ್ಟಾದರೂ ಸಲ್ಲಬೇಡವೇ?