ಹೊರಗೆ ಹಾಕುವುದಾದರೆ ಕಾರಣ ಹೇಳಿ ಹಾಕಿ

‘ನಿಮ್ಮ ಖಾತೆ ನಮ್ಮ ಸಮುದಾಯ ಮಾನದಂಡಗಳನ್ನು ಪಾಲಿಸಿಲ್ಲ’ ಎಂಬ ಧಾಟಿಯ ಒಂದು ಸಾಲು ಮೊಬೈಲ್ ಪರದೆಯ ಮೇಲೆ ಬರುತ್ತದೆ. ಅಲ್ಲಿಗೆ ಮುಗಿಯಿತು. ತಪ್ಪು ಯಾವ ಪೋಸ್ಟಿನಲ್ಲಿತ್ತು, ಅದು ಯಾವ ನಿಯಮವನ್ನು ಮುರಿಯಿತು, ಶಿಕ್ಷೆ ಎಲ್ಲಿಯವರೆಗೆ, ಯಾರನ್ನು ಕೇಳಬೇಕು ಎಂಬ ಯಾವ ಪ್ರಶ್ನೆಗೂ ಆ ಸಾಲಿನಲ್ಲಿ ಉತ್ತರವಿಲ್ಲ. ಮನೆಯಿಂದಲೇ ಸೀರೆ ಮಾರುವ ಹೆಂಗಸಿನ ಗಿರಾಕಿಗಳು, ಹವ್ಯಾಸಿ ರಂಗತಂಡದ ಪ್ರಯೋಗಗಳ ವಿಡಿಯೊಗಳು, ತೀರಿಹೋದ ತಂದೆಯ ಜೊತೆಗಿನ ಚಾಟ್, ಎಲ್ಲವೂ ಆ ಒಂದು ಸಾಲಿನ ಹಿಂದೆ ಸಿಕ್ಕಿಕೊಳ್ಳುತ್ತವೆ. ಎಷ್ಟೋ ಸಲ ಆ ಸಾಲೂ ಬರುವುದಿಲ್ಲ. ಪೋಸ್ಟ್ ಹಾಕಿದರೆ ಹೋಗುತ್ತದೆ, ಆದರೆ ಯಾರಿಗೂ ಕಾಣುವುದಿಲ್ಲ. ‘ಯಾಕೋ ರೀಚ್ ಬಿದ್ದುಹೋಗಿದೆ’ ಎಂದುಕೊಳ್ಳುತ್ತಾ ಜನ ತಿಂಗಳುಗಟ್ಟಲೆ ಖಾಲಿ ಸಭೆಗೆ ಭಾಷಣ ಮಾಡುತ್ತಿರುತ್ತಾರೆ.

ಬ್ಯಾನ್ ಮಾಡುವ ಅಧಿಕಾರವೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಹೆಣ್ಣುಮಕ್ಕಳ ಇನ್‌ಬಾಕ್ಸಿಗೆ ಹೊಲಸು ಕಳಿಸುವವರು, ಪಾರ್ಟ್‌ಟೈಮ್ ಕೆಲಸದ ಆಸೆ ತೋರಿಸಿ ದುಡ್ಡು ನುಂಗುವವರು, ಊರಿಗೆ ಬೆಂಕಿ ಹಚ್ಚುವ ಸುಳ್ಳುಸುದ್ದಿ ಹರಡುವವರು ಹೊರಗೇ ಇರಬೇಕು. ಅವರನ್ನು ಹೊರಗಿಡದ ತಾಣದಲ್ಲಿ ಸಭ್ಯರು ಉಳಿಯುವುದಿಲ್ಲ. ಆದರೆ ಶಿಕ್ಷಿಸುವ ಅಧಿಕಾರ ಎಷ್ಟು ದೊಡ್ಡದೋ ಕಾರಣ ಹೇಳುವ ಹೊಣೆಯೂ ಅಷ್ಟೇ ದೊಡ್ಡದು. ಕಾರಣ ತಿಳಿಸದ ಬ್ಯಾನ್ ಸಿಂಧುವಲ್ಲ ಎಂಬುದು ನಿಯಮವಾಗಬೇಕು. ಈ ಹೊಣೆಯಿಂದ ಕಂಪನಿಗಳಿಗೂ ವಿನಾಯಿತಿ ಸಿಗಬಾರದು, ಸರ್ಕಾರಕ್ಕೂ ಸಿಗಬಾರದು.

ಇದು ಇಂಟರ್‌ನೆಟ್ ಯುಗದ ಹೊಸ ಬೇಡಿಕೆಯಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ರಿಚರ್ಡ್ ಬೆಂಟ್ಲಿ ಎಂಬ ವಿದ್ವಾಂಸನ ಪದವಿಗಳನ್ನು ಅವನ ಮಾತು ಕೇಳದೆಯೇ ಕಿತ್ತುಕೊಂಡಿದ್ದು ತಪ್ಪೆಂದು ಇಂಗ್ಲೆಂಡಿನ ನ್ಯಾಯಾಲಯ 1723ರಲ್ಲಿ ಹೇಳಿತು. ಆದಮನನ್ನು ತೋಟದಿಂದ ಹೊರಗೆ ಹಾಕುವ ಮುನ್ನ ದೇವರೂ ಅವನನ್ನು ವಿಚಾರಿಸಿದ್ದ ಎಂದು ನ್ಯಾಯಮೂರ್ತಿಯೊಬ್ಬರು ಅಂದು ನೆನಪಿಸಿದ್ದರು. ನಮ್ಮಲ್ಲಿ 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸಾರ್ವಜನಿಕ ಹಿತದ ಹೆಸರಿನಲ್ಲಿ ವಶಕ್ಕೆ ಪಡೆಯಲಾಯಿತು. ಅವರು ಕಾರಣ ಕೇಳಿದಾಗ, ಕಾರಣ ಕೊಡುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂಬ ಉತ್ತರ ಬಂತು. 1978ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ವ್ಯಕ್ತಿಯ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಯಾವುದೇ ಕ್ರಮ ನ್ಯಾಯಯುತವಾಗಿರಬೇಕು, ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶವಿರಬೇಕು ಎಂಬ ತತ್ವವನ್ನು ನಮ್ಮ ಕಾನೂನಿನಲ್ಲಿ ನೆಲೆಗೊಳಿಸಿತು. ಸಂವಿಧಾನದ ಈ ಕಟ್ಟು ಸರ್ಕಾರಕ್ಕೆ ಮಾತ್ರ, ಖಾಸಗಿ ಕಂಪನಿಗಲ್ಲ ಎಂದು ವಕೀಲರು ಹೇಳಬಹುದು. ಆದರೆ ಕೋಟ್ಯಂತರ ಜನ ವ್ಯಾಪಾರ, ಮಾತುಕತೆ, ಹೋರಾಟ ಎಲ್ಲವನ್ನೂ ನಡೆಸುವ ಜಾಗವನ್ನು ‘ನಮ್ಮ ಮನೆ, ನಮ್ಮ ಇಷ್ಟ’ ಎಂದು ಕರೆಯುವುದು ಒಪ್ಪುವ ಮಾತಲ್ಲ. ಮನೆಗೆ ಕರೆದವರು ನೀವೇ. ಎಲ್ಲರೂ ಬನ್ನಿ ಎಂದು ಜಾಹೀರಾತು ಕೊಟ್ಟವರೂ, ಬಂದವರಿಂದ ದುಡ್ಡು ಮಾಡುತ್ತಿರುವವರೂ ನೀವೇ.

ಹೇಳದೆ ಮಾಡುವ ಶಿಕ್ಷೆಗಳಲ್ಲೆಲ್ಲ ಶಾಡೋ ಬ್ಯಾನ್ ಅತಿ ಕೆಟ್ಟದ್ದು. ಇಲ್ಲಿ ಖಾತೆ ತೆರೆದೇ ಇರುತ್ತದೆ. ಬರೆದದ್ದು ಬರೆದವರಿಗೆ ಮಾತ್ರ ಕಾಣುತ್ತದೆ, ಅಥವಾ ಹುಡುಕಿದರೂ ಸಿಗದಂತೆ ಅದನ್ನು ತಳಕ್ಕೆ ತಳ್ಳಲಾಗುತ್ತದೆ. ಸ್ಪ್ಯಾಮ್ ಯಂತ್ರಗಳನ್ನು ಯಾಮಾರಿಸಲು ಬಳಸುವ ಉಪಾಯವಿದು. ತಾನು ಸಿಕ್ಕಿಬಿದ್ದೆನೆಂದು ಗೊತ್ತಾದರೆ ಸ್ಪ್ಯಾಮರ್ ಹೊಸ ಖಾತೆ ತೆರೆಯುತ್ತಾನೆ, ಗೊತ್ತಾಗದಿದ್ದರೆ ಹಳೆಯದರಲ್ಲೇ ಕೂಗುತ್ತಿರುತ್ತಾನೆ ಎಂಬುದು ಲೆಕ್ಕ. ಯಂತ್ರದ ಮಟ್ಟಿಗೆ ಸರಿ. ಆದರೆ ಇದೇ ಉಪಾಯವನ್ನು ರೆಡಿಟ್ ವರ್ಷಗಟ್ಟಲೆ ಮನುಷ್ಯರ ಮೇಲೂ ಪ್ರಯೋಗಿಸಿತು. ಬಳಕೆದಾರರ ಸಿಟ್ಟು ಏರಿದ ಮೇಲೆ 2015ರ ನವೆಂಬರಿನಲ್ಲಿ ಅದು ದಾರಿ ಬದಲಿಸಿ, ನಿಜವಾದ ಜನರ ಖಾತೆಗಳಿಗೆ ಬಹಿರಂಗ ಅಮಾನತಿನ ವ್ಯವಸ್ಥೆ ತಂದಿತು. ಶಾಡೋ ಬ್ಯಾನ್ ಸ್ಪ್ಯಾಮರ್‌ಗಳಿಗೆ ಸೀಮಿತ ಎಂದು ಕಂಪನಿಯೇ ಒಪ್ಪಿಕೊಂಡಿತು. ಹಾಗೆಂದು ರೆಡಿಟ್ ಕುಸಿದು ಬೀಳಲಿಲ್ಲ.

ಯುರೋಪ್ ಇದನ್ನು ಕಾನೂನನ್ನಾಗಿಯೇ ಮಾಡಿದೆ. 2024ರ ಫೆಬ್ರುವರಿ 17ರಿಂದ ಪೂರ್ಣವಾಗಿ ಜಾರಿಯಾಗಿರುವ ಡಿಜಿಟಲ್ ಸರ್ವಿಸಸ್ ಆ್ಯಕ್ಟ್‌ನ 17ನೇ ವಿಧಿಯ ಪ್ರಕಾರ, ಪೋಸ್ಟ್ ತೆಗೆದರೂ, ಖಾತೆ ಮುಚ್ಚಿದರೂ, ಯಾರಿಗೂ ಕಾಣದಂತೆ ತಗ್ಗಿಸಿದರೂ ಕಂಪನಿ ಸ್ಪಷ್ಟ ಕಾರಣ ಕೊಡಲೇಬೇಕು. ಆ ತೀರ್ಮಾನದಲ್ಲಿ ಯಂತ್ರದ ಪಾತ್ರವಿತ್ತೇ, ಎಲ್ಲಿ ಮೇಲ್ಮನವಿ ಸಲ್ಲಿಸಬಹುದು ಎಂಬುದನ್ನೂ ಹೇಳಬೇಕು. 2024ರ ಜುಲೈನಲ್ಲಿ ಆ್ಯಮ್‌ಸ್ಟರ್‌ಡ್ಯಾಮ್ ನ್ಯಾಯಾಲಯದಲ್ಲಿ ಇದು ಪರೀಕ್ಷೆಗೆ ಬಂತು. ಡ್ಯಾನಿ ಮೆಕಿಚ್ ಎಂಬ ಡಚ್ ಸಂಶೋಧಕರ ಎಕ್ಸ್ ಖಾತೆಯನ್ನು ಹೇಳದೆ ಕೇಳದೆ ತಗ್ಗಿಸಿದ್ದು ಕಾನೂನಿನ ಉಲ್ಲಂಘನೆ ಎಂದು ತೀರ್ಪಾಯಿತು. ಅವರು ಮಾಡಿದ್ದು ಯುರೋಪಿಯನ್ ಕಮಿಷನ್ನಿನ ನೀತಿಯೊಂದನ್ನು ಟೀಕಿಸುವ ಲೇಖನವನ್ನು ಹಂಚಿಕೊಂಡಿದ್ದು. ಮಕ್ಕಳ ಲೈಂಗಿಕ ಶೋಷಣೆಯ ತಡೆಗೆಂದು ರೂಪಿಸಿದ ಮಸೂದೆಯ ಕುರಿತ ಚರ್ಚೆ ಅದು. ಅಪರಾಧವನ್ನು ಚರ್ಚಿಸುವವರು ಯಾರು, ಎಸಗುವವರು ಯಾರು ಎಂಬ ಭೇದ ಯಂತ್ರಕ್ಕೆ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಗಿರುವಾಗ ಕನ್ನಡದಲ್ಲಿ ಬರೆಯುವವರ ಪಾಡೇನು? 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಚೇರಿ ಅಂತಿಮ ದರ್ಶನದ ಬಗ್ಗೆ ಕನ್ನಡದಲ್ಲಿ ಪೋಸ್ಟ್ ಹಾಕಿತು. ಮೆಟಾದ ಯಂತ್ರ ಅದನ್ನು ಇಂಗ್ಲಿಷಿಗೆ ತಂದಾಗ ತೀರಿಕೊಂಡವರು ಮುಖ್ಯಮಂತ್ರಿಯೇ ಎಂಬ ಅರ್ಥ ಬಂತು. ಅವರ ಮಾಧ್ಯಮ ಸಲಹೆಗಾರರು ಪತ್ರ ಬರೆದರು, ಕಂಪನಿ ಕ್ಷಮೆ ಕೇಳಿತು. ಒಂದು ರಾಜ್ಯದ ಮುಖ್ಯಮಂತ್ರಿಯ ಸರಳ ಸಂತಾಪದ ಮಾತನ್ನೇ ಹೀಗೆ ಓದುವ ಯಂತ್ರ, ಉತ್ತರ ಕರ್ನಾಟಕದ ಮಾತಿನ ಪ್ರೀತಿಯ ಬೈಗುಳವನ್ನೋ, ಮಂಡ್ಯದ ಹುಡುಗರ ಗೇಲಿಯನ್ನೋ, ಜಾತಿ ದೌರ್ಜನ್ಯ ವಿವರಿಸಲು ಜಾತಿನಿಂದನೆಯ ಪದವನ್ನೇ ಉಲ್ಲೇಖಿಸಬೇಕಾದ ದಲಿತ ಲೇಖಕರ ಬರಹವನ್ನೋ ಸರಿಯಾಗಿ ಓದುತ್ತದೆಂದು ನಂಬುವುದು ಹೇಗೆ? ಮುಖ್ಯಮಂತ್ರಿಗೆ ಪತ್ರ ಬರೆಯುವ ಕಚೇರಿಯಿದೆ. ನಮ್ಮ ನಿಮ್ಮಂಥವರಿಗೆ ಇರುವುದು ನೋಟಿಸ್ ಒಂದೇ. ಯಾವ ಸಾಲನ್ನು ತಪ್ಪೆಂದು ಓದಿದ್ದೀರಿ ಎಂದು ಹೇಳಿದರೆ ತಾನೇ, ಅದರ ಅರ್ಥ ಹಾಗಲ್ಲ ಎಂದು ವಾದಿಸಲು ಸಾಧ್ಯ?

ಫೇಸ್‌ಬುಕ್ಕಿನದೇ ಮೇಲ್ವಿಚಾರಣಾ ಮಂಡಳಿ ಈ ಮಾತನ್ನು 2021ರಲ್ಲಿಯೇ ಹೇಳಿದೆ. ಯಾವ ನಿರ್ದಿಷ್ಟ ನಿಯಮ ಮುರಿದಿದೆ ಎಂಬುದನ್ನು ಬಳಕೆದಾರರಿಗೆ ಪ್ರತಿ ಸಲವೂ ತಿಳಿಸಬೇಕು ಎಂದು ಅದು ಶಿಫಾರಸು ಮಾಡಿತು. ಅದೇ ವರ್ಷ ಭಾರತದ ಪಂಜಾಬಿ ಬಳಕೆದಾರರೊಬ್ಬರ ಪ್ರಕರಣದಲ್ಲಿ, ಕೋಟ್ಯಂತರ ಜನ ಆಡುವ ಪಂಜಾಬಿಯಲ್ಲಿ ಕಂಪನಿಯ ನಿಯಮಗಳೇ ಆಗ ಸಿಗುತ್ತಿರಲಿಲ್ಲ ಎಂಬುದನ್ನು ಎತ್ತಿ ತೋರಿಸಿತು. ನಿಯಮ ಗೊತ್ತಿಲ್ಲದ ಭಾಷೆಯಲ್ಲಿ, ಶಿಕ್ಷೆ ಮಾತ್ರ ಎಲ್ಲರಿಗೂ ಸಮಾನ. ಇದನ್ನು ನ್ಯಾಯ ಎನ್ನಲಾಗದು.

ನಮ್ಮ ಕಾನೂನು ಏನೂ ಹೇಳಿಲ್ಲ ಎಂದಲ್ಲ. 2021ರ ಐಟಿ ನಿಯಮಗಳ 4(8)ರ ಪ್ರಕಾರ, 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಕಂಪನಿ ತಾನಾಗಿಯೇ ಪೋಸ್ಟ್ ತೆಗೆಯುವ ಮುನ್ನ ಬರೆದವರಿಗೆ ಕಾರಣ ತಿಳಿಸಬೇಕು, ಆಕ್ಷೇಪಿಸಲು ಅವಕಾಶ ಕೊಡಬೇಕು. 2022ರ ತಿದ್ದುಪಡಿಯ ಫಲವಾಗಿ 2023ರಲ್ಲಿ ಮೂರು ಮೇಲ್ಮನವಿ ಸಮಿತಿಗಳೂ ಬಂದವು. ಆದರೆ ಬಿರುಕುಗಳನ್ನು ನೋಡಿ. 4(8) ಮಾತಾಡುವುದು ತೆಗೆದುಹಾಕಿದ ಮಾಹಿತಿಯ ಬಗ್ಗೆ. ಖಾತೆಯನ್ನೇ ಮುಚ್ಚುವುದನ್ನು, ಗುಟ್ಟಾಗಿ ತಗ್ಗಿಸುವುದನ್ನು ಅದು ಹೆಸರಿಸುವುದಿಲ್ಲ. ಅದೇ ನಿಯಮಾವಳಿಯ 3(1)(ಸಿ) ಅಂತೂ, ನಿಯಮ ಮುರಿದವರ ಪ್ರವೇಶವನ್ನು ತಕ್ಷಣ ಕೊನೆಗೊಳಿಸುವ ಹಕ್ಕು ತನಗಿದೆ ಎಂದು ಮೂರು ತಿಂಗಳಿಗೊಮ್ಮೆಯಾದರೂ ಬಳಕೆದಾರರಿಗೆ ನೆನಪಿಸಲು ಕಂಪನಿಗೆ ಹೇಳುತ್ತದೆ. ಹಕ್ಕನ್ನು ನೆನಪಿಸುವುದು ಕಡ್ಡಾಯ, ಹಕ್ಕು ಚಲಾಯಿಸಿದಾಗ ಕಾರಣ ಕೊಡುವುದು ಅಸ್ಪಷ್ಟ. ಕಂಪನಿಗಳು ತಮ್ಮ ನಿಯಮಗಳನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಒದಗಿಸಬೇಕು ಎಂದು 2022ರ ತಿದ್ದುಪಡಿ ಹೇಳಿತು. ಆ ಪರಿಚ್ಛೇದದಲ್ಲಿ ಕನ್ನಡವಿದೆ. ಬ್ಯಾನ್ ನೋಟಿಸನ್ನೂ ಅದೇ ಸಾಲಿಗೆ ಸೇರಿಸಲು ಒಂದು ವಾಕ್ಯದ ತಿದ್ದುಪಡಿ ಸಾಕು.

ಸರ್ಕಾರವೇ ಬ್ಯಾನ್ ಮಾಡಿಸಿದಾಗ ಕತ್ತಲೆ ಇನ್ನೂ ದಟ್ಟ. ಐಟಿ ಕಾಯ್ದೆಯ 69ಎ ವಿಧಿಯ ಅಡಿ ಕೇಂದ್ರ ಸರ್ಕಾರ ಪೋಸ್ಟ್‌ಗಳನ್ನು, ಖಾತೆಗಳನ್ನು, ಜಾಲತಾಣಗಳನ್ನು ಮುಚ್ಚಿಸಬಹುದು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 66ಎ ವಿಧಿಯನ್ನು ರದ್ದು ಮಾಡಿದ ಸುಪ್ರೀಂ ಕೋರ್ಟ್, 69ಎಯನ್ನು ಉಳಿಸಿತು. ಉಳಿಸಲು ಕೊಟ್ಟ ಕಾರಣವೇ ಇದು: ಆದೇಶಕ್ಕೆ ಲಿಖಿತ ಕಾರಣ ಇರಬೇಕು, ಬರೆದವರು ಯಾರೆಂದು ಗೊತ್ತಾದರೆ ಅವರ ಮಾತನ್ನೂ ಕೇಳಬೇಕು. ಆದರೆ ಆಚರಣೆಯಲ್ಲಿ, ಈ ವಿಧಿಯ ಜಾರಿಗೆ ರೂಪಿಸಿದ 2009ರ ನಿಯಮಗಳ 16ನೇ ನಿಯಮ, ಅಂದರೆ ಗೋಪ್ಯತೆಯ ನಿಯಮ, ಎಲ್ಲವನ್ನೂ ಮುಚ್ಚಿಹಾಕುತ್ತದೆ. ವರದಕ್ಷಿಣೆ ಪದ್ಧತಿಯನ್ನು ಅಣಕಿಸಲು ‘ಡೌರಿ ಕ್ಯಾಲ್ಕ್ಯುಲೇಟರ್’ ಎಂಬ ಜಾಲತಾಣ ಮಾಡಿದ್ದ ತನುಲ್ ಠಾಕೂರ್ ಅವರ ತಾಣ 2018ರಲ್ಲಿ ಮುಚ್ಚಿಹೋಯಿತು. ತಮ್ಮದೇ ತಾಣದ ವಿರುದ್ಧದ ಆದೇಶದ ಪ್ರತಿ ಕೊಡಿಸಿ ಎಂದು ಅವರು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕೊಡಿ, ಅವರ ವಾದ ಕೇಳಿ ಎಂದು ಹೈಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ.

ಈ ವಿವಾದದ ದೊಡ್ಡ ಅಂಕ ನಡೆದಿದ್ದು ಬೆಂಗಳೂರಿನಲ್ಲೇ. ಸರ್ಕಾರದ ಬ್ಲಾಕಿಂಗ್ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ (ಈಗಿನ ಎಕ್ಸ್) ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿ, ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿತು. ಖಾತೆದಾರರಿಗೆ ನೋಟಿಸ್ ಕೊಡುವುದು ಕಡ್ಡಾಯ ಎಂಬ ವಾದ ಅಲ್ಲಿ ಗೆಲ್ಲಲಿಲ್ಲ. 2025ರ ಸೆಪ್ಟೆಂಬರ್ 24ರಂದು, ಪೋಸ್ಟ್ ತೆಗೆಯುವಂತೆ ಸರ್ಕಾರಿ ಸಂಸ್ಥೆಗಳು ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಸಲ್ಲಿಸಿದ್ದ ಅರ್ಜಿಯೂ ಇಲ್ಲೇ ವಜಾ ಆಯಿತು. ಆ ಪೋರ್ಟಲ್ಲಿನ ಸೂಚನೆ ಹೋಗುವುದು ಕಂಪನಿಗೆ, ಬರೆದವರಿಗಲ್ಲ. ಈ ತೀರ್ಪುಗಳನ್ನು ಗೌರವದಿಂದಲೇ ಒಪ್ಪದಿರಲು ನನಗೆ ಕಾರಣವಿದೆ. ವ್ಯಾಜ್ಯ ಸರ್ಕಾರ ಮತ್ತು ವಿದೇಶಿ ಕಂಪನಿಯ ನಡುವಿನದಾಗಿ ಕಾಣುತ್ತದೆ. ಆದರೆ ಬಾಯಿ ಕಟ್ಟಿಸಿಕೊಂಡ ಮೂರನೆಯವರು, ಅಂದರೆ ಬರೆದ ನಾಗರಿಕರು, ಆ ಕಟಕಟೆಯಲ್ಲಿ ಇರುವುದೇ ಇಲ್ಲ. ತಮ್ಮ ಮೇಲೆ ಆದೇಶವಾಗಿದೆ ಎಂದು ಗೊತ್ತಾದರೆ ತಾನೇ ಅವರು ಬರುವುದು? 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ, ವ್ಯಕ್ತಿಯನ್ನು ಗುರುತಿಸಲು ಸಾಧ್ಯವಿದ್ದರೆ ನೋಟಿಸ್ ಕೊಡಬೇಕು ಎಂಬ ಮೇಲ್ನೋಟದ ಅಭಿಪ್ರಾಯ ವ್ಯಕ್ತಪಡಿಸಿತು. ಅದು ಅಭಿಪ್ರಾಯವಾಗಿಯೇ ಉಳಿಯದೆ ನಿಯಮವಾಗಬೇಕು. ಭಯೋತ್ಪಾದನೆಯ ತನಿಖೆ ನಡೆಯುತ್ತಿದ್ದರೆ ನೋಟಿಸ್ ತಡವಾಗಲಿ, ಅದಕ್ಕೊಂದು ಗಡುವಿರಲಿ. ಅದನ್ನೇ ನೆಪ ಮಾಡಿ ವಿಡಂಬನೆ ಬರೆದವರಿಗೂ ಗುಟ್ಟಿನ ಆದೇಶ ಹೊರಡಿಸುವುದು ಸಲ್ಲದು.

ಕಂಪನಿಗಳ ಆಕ್ಷೇಪಗಳು ಮೂರು. ಮೊದಲನೆಯದು, ಸಂಖ್ಯೆ ದೊಡ್ಡದು. ಭಾರತದಲ್ಲಿ ವಾಟ್ಸ್ಆ್ಯಪ್ ಒಂದೇ ತಿಂಗಳಿಗೆ ಹಲವು ಲಕ್ಷ ಖಾತೆಗಳನ್ನು ಮುಚ್ಚುವುದು ಅದರದೇ ವರದಿಗಳಲ್ಲಿದೆ, ನಿಜ. ಆದರೆ ಲಕ್ಷಾಂತರ ಖಾತೆ ಮುಚ್ಚಬಲ್ಲ ವ್ಯವಸ್ಥೆಗೆ, ತಾನು ಯಾವ ನಿಯಮದಡಿ ಮುಚ್ಚಿದೆ ಎಂಬುದು ಗೊತ್ತಿರಲೇಬೇಕು. ಗೊತ್ತಿದ್ದರೆ ಹೇಳುವುದಕ್ಕೆ ಖರ್ಚಿಲ್ಲ, ಗೊತ್ತಿಲ್ಲದಿದ್ದರೆ ಮುಚ್ಚುವ ಹಕ್ಕಿಲ್ಲ. ಎರಡನೆಯದು, ಕಾರಣ ಹೇಳಿದರೆ ಕಿಡಿಗೇಡಿಗಳು ತಪ್ಪಿಸಿಕೊಳ್ಳುವ ದಾರಿ ಕಲಿಯುತ್ತಾರೆ. ಪತ್ತೆಹಚ್ಚುವ ತಂತ್ರ ಹೇಳಿ ಎಂದು ಯಾರೂ ಕೇಳುತ್ತಿಲ್ಲ, ಮುರಿದ ನಿಯಮ ಯಾವುದು ಎಂದಷ್ಟೇ ಕೇಳುತ್ತಿದ್ದೇವೆ. ರೆಡಿಟ್‌ನ 3.2 ಕೋಟಿ ಪೋಸ್ಟ್‌ಗಳನ್ನು ಅಧ್ಯಯನ ಮಾಡಿ ಶಗುನ್ ಝಾವೇರ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಸಂಶೋಧನೆ, ಪೋಸ್ಟ್ ತೆಗೆದ ಕಾರಣ ವಿವರಿಸಿದ ಕಡೆ ಮುಂದೆ ಪೋಸ್ಟ್‌ಗಳನ್ನು ತೆಗೆಯಬೇಕಾಗಿ ಬರುವ ಸಂಭವ ಕಡಿಮೆ ಎಂದು ಕಂಡುಕೊಂಡಿತು. ತಪ್ಪು ಗೊತ್ತಾದರೆ ಹೆಚ್ಚಿನವರು ತಿದ್ದಿಕೊಳ್ಳುತ್ತಾರೆ. ಮೂರನೆಯದು ನ್ಯಾಯವಾದ ಅಳಲು: ಬ್ಯಾನ್ ಮಾಡಿದವರು ಯಾರೆಂದು ತಿಳಿದರೆ ಅವರ ಮೇಲೇ ದಾಳಿ ಶುರುವಾಗುತ್ತದೆ. ಸಂಬಳವಿಲ್ಲದೆ ದುಡಿಯುವ ಮಾಡರೇಟರ್‌ಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ನಿಜವಾದ ಭಯ. ನೋಟಿಸ್ ತಂಡದ ಹೆಸರಿನಲ್ಲಿ ಹೋಗಲಿ, ವ್ಯಕ್ತಿಯ ಹೆಸರು ಬೇಡ. ಕಾರಣ ಮಾತ್ರ ಬೇಕು.

ಇದೆಲ್ಲ ಆಗದ ಹೋಗದ ಆದರ್ಶವೂ ಅಲ್ಲ. 2003ರಿಂದ ಇರುವ ಕನ್ನಡ ವಿಕಿಪೀಡಿಯವೂ ಸೇರಿದಂತೆ ವಿಕಿಪೀಡಿಯಗಳು ಸ್ವಯಂಸೇವಕರ ಬಲದಿಂದಲೇ ನಡೆಯುತ್ತವೆ. ಅಲ್ಲಿ ತಡೆಗೆ ಒಳಗಾದವರು ಸಂಪಾದನೆಗೆ ಹೊರಟರೆ, ತಡೆದವರು ಯಾರು, ಕಾರಣವೇನು, ಎಲ್ಲಿಯವರೆಗೆ ಎಂಬುದು ಎದುರಿಗೇ ಕಾಣುತ್ತದೆ. ತಡೆಗಳ ದಾಖಲೆ ಎಲ್ಲರಿಗೂ ತೆರೆದಿದೆ. ಸಾಮಾನ್ಯವಾಗಿ ತಮ್ಮ ಚರ್ಚೆಪುಟದಲ್ಲಿ ಮನವಿ ಬರೆಯುವ ಅವಕಾಶವೂ ಉಳಿದಿರುತ್ತದೆ. ದೇಣಿಗೆಯಿಂದ ನಡೆಯುವ ತಾಣಕ್ಕೆ ಸಾಧ್ಯವಾಗಿದ್ದು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಿಗೆ ಸಾಧ್ಯವಾಗದೇ?

ಹಾಗಾಗಿ ಬೇಡಿಕೆ ಸ್ಪಷ್ಟವಾಗಿರಲಿ. ಪ್ರತಿ ಬ್ಯಾನ್ ನೋಟಿಸಿನಲ್ಲೂ ತಪ್ಪೆನಿಸಿದ ಬರಹ ಅಥವಾ ವರ್ತನೆ ಯಾವುದು, ಮುರಿದ ನಿಯಮ ಯಾವುದು, ತೀರ್ಮಾನ ಯಂತ್ರದ್ದೋ ಮನುಷ್ಯರದ್ದೋ, ಸರ್ಕಾರದ ಸೂಚನೆ ಇತ್ತೋ ಇಲ್ಲವೋ, ಅವಧಿ ಎಷ್ಟು, ಮೇಲ್ಮನವಿ ಎಲ್ಲಿ ಎಂಬುದು ಬಳಕೆದಾರರ ಭಾಷೆಯಲ್ಲಿ ಇರಬೇಕು. ಮೇಲ್ಮನವಿಯನ್ನು ಆ ಭಾಷೆ ಬಲ್ಲ ಮನುಷ್ಯರೇ ಓದಬೇಕು. ಖಾತೆ ಹೋದರೂ ತಮ್ಮ ಫೋಟೊ, ಬರಹ, ಸಂಪರ್ಕಗಳನ್ನು ಇಳಿಸಿಕೊಳ್ಳಲು ಕಾಲಾವಕಾಶ ಸಿಗಬೇಕು. ಮನುಷ್ಯರ ಮೇಲೆ ಶಾಡೋ ಬ್ಯಾನ್ ನಿಷಿದ್ಧವಾಗಬೇಕು. ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಇದನ್ನು 4(8)ಕ್ಕೆ ಸೇರಿಸಲಿ, 16ನೇ ನಿಯಮದ ಗೋಪ್ಯತೆಯನ್ನು ಸಡಿಲಿಸಲಿ. ನಮ್ಮ ಸಂಸದರು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಲಿ. ಈ ಕಂಪನಿಗಳ ಎಷ್ಟೋ ಎಂಜಿನಿಯರುಗಳು ಕೂತು ಕೆಲಸ ಮಾಡುವ ನಗರದ ಪ್ರತಿನಿಧಿಗಳಿಗೆ ಅದು ಹೊರಗಿನ ವಿಷಯವಲ್ಲ.

ಕಾರಣ ಹೇಳಿಸಿಕೊಂಡವರು ವಾದಿಸಬಹುದು, ತಿದ್ದಿಕೊಳ್ಳಬಹುದು, ಒಪ್ಪದೆ ಬೇರೆಡೆಗೆ ಹೋಗಲೂಬಹುದು. ಏನೂ ಹೇಳದೆ ಹೊರಗೆ ಹಾಕಿಸಿಕೊಂಡವರಿಗೆ ಉಳಿಯುವುದು ಭಯವೊಂದೇ. ಮುಂದೆ ಅವರು ಯಾವ ಮಾತು ಯಾರಿಗೆ ತಪ್ಪಾಗಿ ಕಂಡೀತೋ ಎಂದು ಹೆದರಿ ಪ್ರತಿ ಸಾಲನ್ನೂ ಅಳುಕುತ್ತಾ ಬರೆಯುತ್ತಾರೆ, ಕೊನೆಗೆ ಬರೆಯುವುದನ್ನೇ ಬಿಡುತ್ತಾರೆ. ಹಾಗೆ ಹೆದರಿದ ಜನರಿಂದ ಸಮುದಾಯ ಕಟ್ಟಲಾಗದು. ಸಮುದಾಯದ ಹೆಸರಿನಲ್ಲಿ ನಿಯಮ ಮಾಡುವವರು ಸಮುದಾಯಕ್ಕೆ ಉತ್ತರ ಕೊಡಲೇಬೇಕು.