ಗಡಿ ಕಾಯ್ದವರ ಬಾಯಿಹುಣ್ಣು

ನಮ್ಮ ಊರುಗಳ ಮಾಜಿ ಸೈನಿಕರಲ್ಲಿ ಹಲವರು ನಿವೃತ್ತರಾದ ಮೇಲೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಸೇನೆಯಲ್ಲಿ ಅಂಟಿದ ಬೀಡಿ, ಮನೆಗೆ ಬಂದ ಮೇಲೆ ಎಲೆಯಡಿಕೆ, ಹೊಗೆಸೊಪ್ಪು. ಬಾಯಿಯಲ್ಲಿ ಹುಣ್ಣಾದರೆ "ಇದೇನು ಮಹಾ" ಎಂದು ಸುಮ್ಮನಾಗುತ್ತಾರೆ. ನೋವು ನುಂಗುವುದು ಸೈನಿಕರ ಅಭ್ಯಾಸ. ಈ ರೋಗದಲ್ಲಿ ಅದೇ ಅಪಾಯ.

ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಆದರೂ ಸತ್ಯ ಹೇಳಲೇಬೇಕು. ಹೊಗೆಸೊಪ್ಪಿಲ್ಲದೆ ಜಗಿದರೂ ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಇವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಖರ್ಚಿಗೆ ಹೆದರಬೇಕಾಗಿಲ್ಲ. 2003ರಲ್ಲಿ ಆರಂಭವಾದ ಇ.ಸಿ.ಎಚ್.ಎಸ್. ಯೋಜನೆಯ ಸದಸ್ಯರಾದ ಪಿಂಚಣಿದಾರರಿಗೂ ಅವರ ಪತ್ನಿಗೂ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ. ಸಾಮಾನ್ಯವಾಗಿ ಪಾಲಿಕ್ಲಿನಿಕ್‌ನಿಂದ ಚೀಟಿ ಪಡೆದು ಯೋಜನೆಗೆ ಸೇರಿದ ಆಸ್ಪತ್ರೆಗೆ ಹೋಗಬೇಕು. ಆದರೆ ಮಕ್ಕಳು ಗಲ್ಫಿನಲ್ಲಿರುವಾಗ ಎಪ್ಪತ್ತೈದು ದಾಟಿದವರು ಒಬ್ಬರೇ ಬಸ್ಸು ಹತ್ತಿ, ಸಾಲಿನಲ್ಲಿ ನಿಂತು, ಮತ್ತೆ ಮತ್ತೆ ಅಲೆಯುವುದು ಹೇಗೆ? ಹಣಕ್ಕಿಂತ ಜತೆಗೊಬ್ಬರಿಲ್ಲದ ಕೊರತೆಯೇ ದೊಡ್ಡದೆಂದು ನಮ್ಮ ಅಭಿಪ್ರಾಯ. ವಾಳೆಯ ಗುರಿಕಾರರು ಇಂಥವರ ಪಟ್ಟಿ ಮಾಡಲಿ, ಯುವಜನರು ಸರದಿಯಂತೆ ಜತೆಗೆ ಹೋಗಲಿ. ಸ್ವಾತಂತ್ರ್ಯ ದಿನದಂದು ಹೊದಿಸುವ ಶಾಲಿಗಿಂತ ಇದು ಮೇಲಾದ ಗೌರವ.